ಇಂಗ್ಲಿಷಿನ ‘ಹ್ಯಾವಕ್’ (havoc) ಪದದ ಅರ್ಥವೇನು? ಅದು ಎಲ್ಲಿಂದ ಬಂತು?

ಮಳೆ ಬಂದಾಗಲೆಲ್ಲ ಇಂಗ್ಲಿಷ್ ಪೇಪರುಗಳಲ್ಲಿ ‘ಹ್ಯಾವಕ್’ ಅಂತ ಕಾಣುತ್ತದೆ, ಡ್ಯಾಮೇಜ್‌ಗೂ ಅದಕ್ಕೂ ಏನು ವ್ಯತ್ಯಾಸ, ಪದ ಹುಟ್ಟಿದ್ದು ಹೇಗೆ ಅಂತ ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ. ಇದು ನನಗೆ ತುಂಬಾ ಹಿಡಿಸಿದ ಪದ.

ಈಗಿನ ಅರ್ಥ ಸುಲಭ. ಎಲ್ಲವೂ ಕೈಮೀರಿ, ಅಡ್ಡಾದಿಡ್ಡಿಯಾಗಿ ಹಾಳಾಗುವುದು. ಕನ್ನಡ ಪತ್ರಿಕೆಗಳು ‘ಮಳೆ ಅವಾಂತರ’ ಎನ್ನುವ ಕಡೆ ಅವರು ಹ್ಯಾವಕ್ ಅನ್ನುತ್ತಾರೆ. ಒಂದು ಗೋಡೆ ಕುಸಿದರೆ ಅದು ಡ್ಯಾಮೇಜ್. ಹ್ಯಾವಕ್ ಅನ್ನಬೇಕಾದರೆ ಗೊಂದಲವೂ ಜೊತೆಗಿರಬೇಕು, ತಡೆಯುವವರೇ ಇಲ್ಲದಂತಾಗಿರಬೇಕು.

ಹಾಗೇಕೆ ಅನ್ನುವುದು ಪದದ ಹುಟ್ಟಿನಲ್ಲೇ ಇದೆ. ಮೊದಲಿಗೆ ಇದು ಯುದ್ಧದಲ್ಲಿ ಹಾಕುತ್ತಿದ್ದ ಒಂದು ಕೂಗು. ‘ಹ್ಯಾವಕ್!’ ಅಂತ ಯಾರಾದರೂ ಕೂಗಿದರೆ, ಇನ್ನು ಸಾಲು ಬಿಟ್ಟು ನುಗ್ಗಿ, ಸಿಕ್ಕಿದ್ದನ್ನು ಬಾಚಿಕೊಳ್ಳಿ ಅಂತ ಅರ್ಥ. ಹಳೆಯ ಫ್ರೆಂಚಿನಲ್ಲಿ ‘ಹವೋತ್’ ಅಂದರೆ ಲೂಟಿ. ಇಂಗ್ಲೆಂಡಿನ ದೊರೆಗಳು, ಸರದಾರರು ಫ್ರೆಂಚ್ ಬಳಸುತ್ತಿದ್ದ ಕಾಲದಲ್ಲಿ ಅದು ಇಂಗ್ಲಿಷಿಗೆ ಬಂತು.

ಈ ಕೂಗಿಗೆ ಸ್ವತಃ ರಾಜರೇ ಹೆದರುತ್ತಿದ್ದರು. 1385ರಲ್ಲಿ ಇಂಗ್ಲೆಂಡಿನ ದೊರೆ ಎರಡನೇ ರಿಚರ್ಡ್ ಸ್ಕಾಟ್ಲೆಂಡ್ ಮೇಲೆ ದಂಡೆತ್ತಿ ಹೊರಟಾಗ ಉತ್ತರ ಇಂಗ್ಲೆಂಡಿನ ಡರಮ್ ಊರಿನಲ್ಲಿ ಸೈನ್ಯಕ್ಕೊಂದು ನಿಯಮಾವಳಿ ಹೊರಡಿಸಿದ. ಅದರಲ್ಲಿ ಯಾರೂ ಹ್ಯಾವಕ್ ಎಂದು ಕೂಗಕೂಡದು, ಕೂಗಿದರೆ ತಲೆ ಹೋಗುತ್ತದೆ ಅಂತಿದೆ. ಸುಮ್ನೆ ಒಂದು ಮಾತಿಗೆ ಮರಣದಂಡನೆ! ಕಾರಣವಿತ್ತು. ಆ ಕಾಲದ ಸೈನಿಕನಿಗೆ ಸಂಬಳಕ್ಕಿಂತ ಲೂಟಿಯ ಆಸೆ ಜಾಸ್ತಿ. ಸೆರೆ ಸಿಕ್ಕ ಶ್ರೀಮಂತನನ್ನು ಬಿಡಲು ದುಡ್ಡು ವಸೂಲಿ ಮಾಡಬಹುದಿತ್ತು. ಯುದ್ಧ ಮುಗಿಯುವ ಮೊದಲೇ ಒಬ್ಬ ಕೂಗಿದರೆ ಎಲ್ಲರೂ ಗಂಟು ಕಟ್ಟಲು ಓಡುತ್ತಾರೆ. ಸೋತು ಹಿಂದೆ ಸರಿದ ಶತ್ರು ತಿರುಗಿ ಬಿದ್ದರೆ ಎದುರು ನಿಲ್ಲಲು ಯಾರಿರುತ್ತಾರೆ?

ಶೇಕ್ಸ್‌ಪಿಯರ್‌ಗೆ ಈ ಅರ್ಥ ಚೆನ್ನಾಗಿ ಗೊತ್ತಿತ್ತು. ‘ಜೂಲಿಯಸ್ ಸೀಸರ್’ ನಾಟಕದಲ್ಲಿ ಸೀಸರನ ಹೆಣದ ಮುಂದೆ ನಿಂತ ಅವನ ಗೆಳೆಯ ಆಂಟನಿ, ಸೀಸರನ ಆತ್ಮ ಬಂದು ಹ್ಯಾವಕ್ ಎಂದು ಕೂಗಿ ಯುದ್ಧದ ನಾಯಿಗಳನ್ನು ಛೂ ಬಿಡುತ್ತದೆ ಅನ್ನುತ್ತಾನೆ. ಅಲ್ಲಿ ಅದು ಇನ್ನೂ ಕೂಗೇ. 1611ರ ಇಂಗ್ಲಿಷ್ ಬೈಬಲಿನ ಹೊತ್ತಿಗೆ ಕೂಗು ಕಳಚಿದೆ: ಕ್ರೈಸ್ತರನ್ನು ಹಿಂಸಿಸುತ್ತಿದ್ದ ಸೌಲನು ಮನೆಮನೆಗೆ ನುಗ್ಗಿ ಅವರ ಸಭೆಯನ್ನು ಹ್ಯಾವಕ್ ಮಾಡಿದ ಅಂತ ಬರುತ್ತದೆ. ಅಂದರೆ ಲೂಟಿಗೆ ಕೊಟ್ಟ ಅಪ್ಪಣೆಯ ಹೆಸರು ಲೂಟಿಯಾದ ಮೇಲೆ ಉಳಿದ ಹಾಳಿಗೆ ಬಂತು. ಈಗ ಮಳೆಗೂ ಅಂಟಿಕೊಂಡಿದೆ.

ಪದದ ಹಳೆಯ ಅರ್ಥ ನಮ್ಮ ನೆಲದಲ್ಲೇ ನೋಡಬೇಕಾದರೆ ಶ್ರೀರಂಗಪಟ್ಟಣ ಸಾಕು. 1799ರ ಮೇ 4ರಂದು ಕೋಟೆ ಬಿತ್ತು, ಟಿಪ್ಪು ಸತ್ತ. ಆ ರಾತ್ರಿ ಬ್ರಿಟಿಷ್ ಸೇನೆ ಊರಿಗೆ ಊರನ್ನೇ ದೋಚಿತು. ಮರುದಿನ ಬೆಳಿಗ್ಗೆ ಊರಿನ ಉಸ್ತುವಾರಿ ವಹಿಸಿಕೊಂಡ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ, ಗವರ್ನರ್ ಜನರಲ್ ಆಗಿದ್ದ ತನ್ನ ಅಣ್ಣನಿಗೆ ಬರೆದ ಪತ್ರದಲ್ಲಿ ದೋಚದ ಮನೆ ಒಂದೂ ಇಲ್ಲವೆಂಬಷ್ಟು ಲೂಟಿಯಾಗಿದೆ ಅನ್ನುತ್ತಾನೆ. ಬೆಲೆಬಾಳುವ ಒಡವೆ, ಚಿನ್ನದ ಗಟ್ಟಿಗಳನ್ನು ಸೈನಿಕರು ದಂಡಿನ ಬಜಾರಿನಲ್ಲೇ ಮಾರಾಟಕ್ಕಿಟ್ಟಿದ್ದರಂತೆ. ಕೆಲವರನ್ನು ನೇಣಿಗೆ ಹಾಕಿಸಿ, ಕೆಲವರಿಗೆ ಛಡಿಯೇಟು ಕೊಡಿಸಿ ಅವನು ಹದ್ದುಬಸ್ತಿಗೆ ತಂದ. ಇದೇ ವೆಲ್ಲೆಸ್ಲಿ ಮುಂದೆ ವೆಲಿಂಗ್ಟನ್ ಎಂಬ ಬಿರುದು ಪಡೆದು, 1813ರಲ್ಲಿ ಸ್ಪೇನಿನ ವಿಟೋರಿಯಾದಲ್ಲಿ ಫ್ರೆಂಚರ ವಿರುದ್ಧ ಗೆದ್ದ. ಅಲ್ಲಿ ಅವನ ಸೈನಿಕರು ಫ್ರೆಂಚರ ಸಾಮಾನಿನ ಗಾಡಿಗಳಿಗೆ ಮುಗಿಬಿದ್ದರು. ಓಡುತ್ತಿದ್ದ ಫ್ರೆಂಚರನ್ನು ಬೆನ್ನಟ್ಟುವುದು ಅಲ್ಲಿಗೇ ಸಡಿಲವಾಯಿತು. ರಿಚರ್ಡ್ ಹೆದರಿದ್ದು ಇದಕ್ಕೇ ಅಲ್ವಾ?

ಇನ್ನು ಬಳಕೆ. ‘ಪ್ಲೇ ಹ್ಯಾವಕ್’ ಸರಿ. ನಿದ್ದೆ, ಆರೋಗ್ಯ ಕೆಡುವುದಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ‘ರೀಕ್ (wreak) ಹ್ಯಾವಕ್’ ಕೂಡ ಸರಿ. ಆದರೆ ‘ರೆಕ್ (wreck) ಹ್ಯಾವಕ್’ ಅಂತ ಬರೆಯಬೇಡಿ. ರೆಕ್ ಅಂದರೆ ಒಡೆದು ಹಾಕುವುದು, ಅದು ಬೇರೆಯೇ ಕ್ರಿಯಾಪದ. ಹಳೆಯ ಇಂಗ್ಲಿಷಿನಲ್ಲಿ ರೀಕ್ ಅಂದರೆ ಸೇಡು ತೀರಿಸಿಕೊಳ್ಳುವುದು. ಅದರ ಈಗಿನ ಭೂತಕಾಲ ‘ರೀಕ್ಡ್’. ‘ರಾಟ್ (wrought) ಹ್ಯಾವಕ್’ ಅಂತಲೂ ಕಣ್ಣಿಗೆ ಬೀಳುತ್ತದೆ. ರಾಟ್ ಅನ್ನುವುದು ‘ವರ್ಕ್’ ಪದದ ಹಳೆಯ ಭೂತಕಾಲ, ಹಾಗಾಗಿ ಅದೂ ತಪ್ಪಲ್ಲ.