ಹಳೆಯ ರೌಟರ್‌ನಿಂದ ಡೆಸ್ಕ್‌ಟಾಪ್‌ಗೆ ಇಂಟರ್ನೆಟ್ ಕೊಡಬಹುದೇ?

ಪ್ರಶ್ನೆ: ನಮ್ಮ ಬಾಡಿಗೆ ಮನೆಗೆ ಈಚೆಗೆ ಫೈಬರ್ ಸಂಪರ್ಕ ಬಂದಿದ್ದು, ಅದರ ವೈ-ಫೈ ರೌಟರ್ ಕೆಳಗಿನ ಹಜಾರದಲ್ಲಿದೆ. ಮಹಡಿಯ ಕೋಣೆಯಲ್ಲಿರುವ ಡೆಸ್ಕ್‌ಟಾಪ್‌ಗೆ ವೈ-ಫೈ ಸೌಲಭ್ಯವಿಲ್ಲ; ಗೋಡೆ ಕೊರೆದು ಕೇಬಲ್ ಎಳೆಸಲು ಮಾಲೀಕರು ಒಪ್ಪುತ್ತಿಲ್ಲ. ಕಪಾಟಿನಲ್ಲಿರುವ ಎರಡು ಹಳೆಯ ರೌಟರ್‌ಗಳಲ್ಲಿ ಒಂದನ್ನು ಇದಕ್ಕೆ ಬಳಸಬಹುದೇ?

ಉತ್ತರ: ಬಳಸಬಹುದು, ಆದರೆ ಎರಡರಲ್ಲಿ ಯಾವುದು ಕೆಲಸಕ್ಕೆ ಬರುತ್ತದೆ ಎಂಬುದನ್ನು ಮೊದಲು ನೋಡಬೇಕು. ರೌಟರಿನ ಸಾಮಾನ್ಯ ಕೆಲಸ ವೈ-ಫೈ ಹಂಚುವುದು. ನಿಮಗೆ ಬೇಕಾಗಿರುವುದು ಅದು ಕೆಳಗಿನ ವೈ-ಫೈಯನ್ನು ಮೊಬೈಲಿನಂತೆ ತಾನೇ ಹಿಡಿದು, ಹಿಂಬದಿಯ ಲ್ಯಾನ್ ಪೋರ್ಟಿನ ಮೂಲಕ ಕಂಪ್ಯೂಟರಿಗೆ ದಾಟಿಸುವುದು. ಈ ಸೌಲಭ್ಯಕ್ಕೆ ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿದೆ: ಕ್ಲೈಂಟ್, ವೈರ್‌ಲೆಸ್ ಬ್ರಿಡ್ಜ್, ಡಬ್ಲ್ಯುಐಎಸ್‌ಪಿ, ರಿಪೀಟರ್. ಟೆಲಿಫೋನ್ ತಂತಿ ಸಿಕ್ಕಿಸುವ ಕಿರಿದಾದ ಪೋರ್ಟ್ ಇರುವ ಹಳೆಯ ಎಡಿಎಸ್‌ಎಲ್ ಮೋಡೆಮ್‌ಗಳಲ್ಲಿ ಇದು ಅಪರೂಪವಾದ್ದರಿಂದ, ಎರಡರಲ್ಲಿ ಒಂದು ಅಂಥದ್ದಾಗಿದ್ದರೆ ಇನ್ನೊಂದನ್ನೇ ಮೊದಲು ಪರೀಕ್ಷಿಸಿ.

ರೌಟರಿಗೆ ವಿದ್ಯುತ್ ಕೊಟ್ಟು, ಹಿಂಬದಿಯ ರಿಸೆಟ್ ರಂಧ್ರದೊಳಗಿನ ಗುಂಡಿಯನ್ನು ಪಿನ್ನಿನಿಂದ ಸುಮಾರು 10 ಸೆಕೆಂಡು ಒತ್ತಿಹಿಡಿದರೆ ಹಳೆಯ ಪಾಸ್‌ವರ್ಡ್ ಅಳಿಯುತ್ತದೆ. ಬಳಿಕ ಲ್ಯಾನ್ ಕೇಬಲ್‌ನಿಂದ ಡೆಸ್ಕ್‌ಟಾಪ್‌ಗೆ ಜೋಡಿಸಿ, ರೌಟರಿನ ಅಡಿಯ ಚೀಟಿಯಲ್ಲಿರುವ ವಿಳಾಸವನ್ನು (ಸಾಮಾನ್ಯವಾಗಿ 192.168.0.1 ಅಥವಾ 192.168.1.1) ಬ್ರೌಸರಿನಲ್ಲಿ ತೆರೆದು, ಮೇಲೆ ಹೇಳಿದ ಮೋಡ್ ಆರಿಸಿ, ನಿಮ್ಮ ವೈ-ಫೈ ಹೆಸರನ್ನು ಹುಡುಕಿ ಪಾಸ್‌ವರ್ಡ್ ಕೊಡಿ. ಆ ಹೆಸರು ಪಟ್ಟಿಯಲ್ಲಿ ಕಾಣದಿದ್ದರೆ, ಅದು 5 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಪ್ರಸಾರವಾಗುತ್ತಿರಬಹುದು. ಅನೇಕ ಹಳೆಯ ರೌಟರ್‌ಗಳಿಗೆ 2.4 ಗಿಗಾಹರ್ಟ್ಸ್ ಮಾತ್ರ ತಿಳಿಯುತ್ತದೆ. ಹೆಸರು ಕಂಡರೂ ಸಂಪರ್ಕವಾಗದಿದ್ದರೆ, ಹೊಸ ರೌಟರಿನ ಭದ್ರತೆಯನ್ನು ಡಬ್ಲ್ಯುಪಿಎ3 ಮಾತ್ರ ಎಂದಿಡದೆ, ಡಬ್ಲ್ಯುಪಿಎ2 ಕೂಡ ಸೇರಿರುವ ಮಿಶ್ರ ಆಯ್ಕೆಗೆ ಬದಲಿಸಿ.

ಹೆಚ್ಚಿನವರು ಎಡವುವುದು ವಿಳಾಸದ ವಿಷಯದಲ್ಲಿ. ಎರಡು ರೌಟರ್‌ಗಳೂ 192.168.1.1 ಎಂದೇ ಇದ್ದರೆ ವೈ-ಫೈ ಕೂಡಿಕೊಂಡಂತೆ ಕಂಡರೂ ಇಂಟರ್ನೆಟ್ ಬರುವುದಿಲ್ಲ. ಬ್ರಿಡ್ಜ್ ಮೋಡ್ ಆಗಿದ್ದರೆ ಹಳೆಯದಕ್ಕೆ ಅದೇ ಸಾಲಿನಲ್ಲಿ (ಮೊದಲ ಮೂರು ಸಂಖ್ಯೆಗಳು ಹೊಸದರಂತೆಯೇ ಇರುವಂತೆ) ಯಾರೂ ಬಳಸದ ಒಂದು ವಿಳಾಸ ಕೊಟ್ಟು ಅದರ ಡಿಎಚ್‌ಸಿಪಿಯನ್ನು, ಅಂದರೆ ಸಾಧನಗಳಿಗೆ ತಾನಾಗಿ ವಿಳಾಸ ಹಂಚುವ ವ್ಯವಸ್ಥೆಯನ್ನು, ನಿಲ್ಲಿಸಬೇಕು. ಡಬ್ಲ್ಯುಐಎಸ್‌ಪಿ ಆಗಿದ್ದರೆ ಡಿಎಚ್‌ಸಿಪಿಯನ್ನು ಹಾಗೆಯೇ ಬಿಟ್ಟು, 192.168.5.1ರಂಥ ಬೇರೆಯೇ ಸಾಲಿನ ವಿಳಾಸ ಕೊಡಬೇಕು.

ಇಂಥ ಮೋಡ್ ಇಲ್ಲದ ರೌಟರಿಗೆ ಓಪನ್‌ಡಬ್ಲ್ಯುಆರ್‌ಟಿ ಎಂಬ ಉಚಿತ ತಂತ್ರಾಂಶ ಹಾಕುವ ದಾರಿಯಿದೆ. ಲಿಂಕ್‌ಸಿಸ್ ಕಂಪನಿಯ ಡಬ್ಲ್ಯುಆರ್‌ಟಿ54ಜಿ ರೌಟರಿನ ತಂತ್ರಾಂಶದ ಮೂಲ ಸಂಕೇತ (ಸೋರ್ಸ್ ಕೋಡ್) ಬಹಿರಂಗವಾದ ಮೇಲೆ, 2004ರಲ್ಲಿ ಆರಂಭವಾದ ಯೋಜನೆಯಿದು. ಆದರೆ ಮಾದರಿಯ ಹೆಸರಷ್ಟೇ ಅಲ್ಲ, ಚೀಟಿಯಲ್ಲಿ ಅಚ್ಚಾಗಿರುವ ಆವೃತ್ತಿ ಸಂಖ್ಯೆಯೂ ತಾಳೆಯಾಗಬೇಕು; ಹಾಕುವಾಗ ಕರೆಂಟು ಹೋದರೆ ರೌಟರ್ ಕೆಟ್ಟೇ ಹೋಗಬಹುದು. ಅನುಭವವಿಲ್ಲದವರಿಗೆ ನಾನು ಇದನ್ನು ಸಲಹೆ ಮಾಡುವುದಿಲ್ಲ.

ಕೆಲವು ನೂರು ರೂಪಾಯಿಗೆ ಸಿಗುವ ಯುಎಸ್‌ಬಿ ವೈ-ಫೈ ಅಡಾಪ್ಟರ್ ಇದಕ್ಕಿಂತ ಸುಲಭವೆಂಬುದು ನಿಜ. ಆದರೂ ಸಿಪಿಯು ಹಿಂದೆ, ಮೇಜಿನ ಕೆಳಗೆ ಸಿಕ್ಕಿಕೊಳ್ಳುವ ಅದಕ್ಕಿಂತ, ಉದ್ದನೆಯ ಲ್ಯಾನ್ ಕೇಬಲ್ ಹಾಕಿ ಮೆಟ್ಟಿಲ ತಲೆಯಲ್ಲಿ ಇಡಬಹುದಾದ ರೌಟರಿಗೆ ಸಿಗ್ನಲ್ ಚೆನ್ನಾಗಿ ಸಿಗುತ್ತದೆ. ಅದರ ಪೋರ್ಟ್ 100 ಎಂಬಿಪಿಎಸ್‌ನದಾಗಿದ್ದರೆ ಅದಕ್ಕಿಂತ ಹೆಚ್ಚಿನ ವೇಗವನ್ನು ನಿರೀಕ್ಷಿಸಬೇಡಿ. ಇಂದೇ ತುರ್ತು ಕೆಲಸವಿದ್ದರೆ, ಆಂಡ್ರಾಯ್ಡ್ ಫೋನನ್ನು ವೈ-ಫೈಗೆ ಸೇರಿಸಿ, ಮೊಬೈಲ್ ಡೇಟಾ ಆಫ್ ಮಾಡಿ, ಚಾರ್ಜಿಂಗ್ ಕೇಬಲಿನಿಂದ ಡೆಸ್ಕ್‌ಟಾಪ್‌ಗೆ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಬಹುತೇಕ ಫೋನ್‌ಗಳಲ್ಲಿ ಮನೆಯ ವೈ-ಫೈಯೇ ಕಂಪ್ಯೂಟರಿಗೆ ಹರಿಯುತ್ತದೆ.