ಓದುಗರ ಪ್ರಶ್ನೆ: ಸಾವಿನ ಹೊಸ್ತಿಲಲ್ಲಿ ರಕ್ಷಣೆಯ ಮಾತು

ಪ್ರಶ್ನೆ: ಅಮ್ಮನಿಗೆ 74 ವರ್ಷ, ಕ್ಯಾನ್ಸರ್ ಕೊನೆಯ ಹಂತದಲ್ಲಿದೆ. ನಾವು ಕಥೋಲಿಕರು. ದಿನಾ ರಾತ್ರಿ "ನಾನು ಮಾಡಿದ್ದು ಸಾಕಾ, ದೇವರು ನನ್ನನ್ನ ಸೇರಿಸ್ಕೊಳ್ತಾನಾ?" ಎಂದು ಕೇಳುತ್ತಾರೆ. "ನೀನು ಯಾರಿಗೂ ಕೆಟ್ಟದ್ದು ಮಾಡಿಲ್ಲಮ್ಮ" ಅಂದರೆ ಇನ್ನೂ ಜಾಸ್ತಿ ಅಳುತ್ತಾರೆ. ಬೇರೆ ಸಭೆಗೆ ಹೋಗುವ ಚಿಕ್ಕಮ್ಮ ಬಂದು "ಹೊಸದಾಗಿ ಹುಟ್ಟದಿದ್ದರೆ ರಕ್ಷಣೆ ಇಲ್ಲ" ಎಂದು ಹೇಳಿ ಹೋದ ಮೇಲೆ ಹೆದರಿಕೆ ಹೆಚ್ಚಿದೆ. ಫಾದರ್‌ ಅವರನ್ನು ಈಗಲೇ ಕರೆಸಿದರೆ ಗಾಬರಿಯಾದಾರೇನೋ ಎಂದು ಸುಮ್ಮನಿದ್ದೇವೆ. ಏನು ಮಾಡಲಿ?
– ಓದುಗರು, ಹಾಸನ

ಉತ್ತರ: ನಿಮ್ಮ ಮಾತಿನಲ್ಲಿ ಪ್ರೀತಿಯಿದೆ, ಆದರೆ ಅದು ಅಮ್ಮನನ್ನು ಮತ್ತೆ ಅದೇ ಲೆಕ್ಕದ ಪುಸ್ತಕದ ಮುಂದೆ ಕೂರಿಸುತ್ತದೆ. "ಕೆಟ್ಟದ್ದು ಮಾಡಿಲ್ಲ" ಎಂದ ಕೂಡಲೇ ಮಾಡಿದ ಕೆಟ್ಟದ್ದು ಯಾವುದಿತ್ತು ಎಂದು ಅವರ ಮನಸ್ಸು ಹುಡುಕುತ್ತದೆ. 74 ವರ್ಷ ಬದುಕಿದವರಿಗೆ ಏನಾದರೊಂದು ಸಿಕ್ಕೇ ಸಿಗುತ್ತದೆ.

ಕ್ರೈಸ್ತ ಬೋಧನೆ ಆ ಲೆಕ್ಕದ ಮೇಲೆ ನಿಂತಿಲ್ಲ. ರಕ್ಷಣೆ, ಅಂದರೆ ಪಾಪದಿಂದ ಬಿಡುಗಡೆ ಹೊಂದಿ ದೇವರನ್ನು ಸೇರುವುದು, ಕೃಪೆಯಿಂದ, ನಂಬಿಕೆಯ ಮೂಲಕ ಸಿಗುವ ದೇವರ ವರ, ಕ್ರಿಯೆಗಳಿಗೆ ಸಿಕ್ಕ ಕೂಲಿಯಲ್ಲ ಎನ್ನುತ್ತದೆ ಎಫೆಸದವರಿಗೆ ಬರೆದ ಪತ್ರ (2:8-9). ಯೇಸುವಿನ ಪಕ್ಕದಲ್ಲಿ ಶಿಲುಬೆಗೇರಿದ್ದ ಅಪರಾಧಿಗೆ ಒಳ್ಳೆಯ ಕೆಲಸ ಮಾಡಲು ಕೈಯೂ ಬಿಡುವಿರಲಿಲ್ಲ, ಹೊತ್ತೂ ಉಳಿದಿರಲಿಲ್ಲ. ನನ್ನನ್ನು ನೆನಪಿಸಿಕೋ ಎಂದಷ್ಟೇ ಕೇಳಿದ. "ಈಹೊತ್ತೇ ನನ್ನ ಸಂಗಡ ಪರದೈಸಿನಲ್ಲಿರುವಿ" ಎಂಬ ಮಾತು ಅವನಿಗೆ ಸಿಕ್ಕಿತು (ಲೂಕ 23:43). ಇನ್ನು ಮುಂದೆ ಅಮ್ಮ "ಸಾಕಾ?" ಎಂದರೆ, "ಯಾರು ಮಾಡಿದ್ದೂ ಸಾಕಾಗಲ್ಲಮ್ಮ, ಅದಕ್ಕೇ ಯೇಸು ಬಂದದ್ದು" ಎಂದು ಹೇಳಿ ನೋಡಿ. ಆ ಮಾತು ಸತ್ಯ. ಭಯಪಟ್ಟವರಿಗೆ ಸತ್ಯವೇ ಹೆಚ್ಚು ಹೊತ್ತು ಆಸರೆಯಾಗುತ್ತದೆ.

ಸತ್ಕಾರ್ಯಕ್ಕೆ ಬೆಲೆಯೇ ಇಲ್ಲವೇ ಎಂದು ಕೇಳಬಹುದು. ಖಂಡಿತ ಇದೆ. ಹಸಿದವರಿಗೆ ಊಟ ಕೊಟ್ಟಿರೋ ಇಲ್ಲವೋ ಎಂಬ ಪ್ರಶ್ನೆ ಮತ್ತಾಯ 25ರಲ್ಲಿ ನೇರವಾಗಿ ಬರುತ್ತದೆ. ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದು ಎನ್ನುತ್ತದೆ ಬೈಬಲಿನ ಯಾಕೋಬನ ಪತ್ರ. ಈ ಎರಡನ್ನೂ ಹೊಂದಿಸಿ ಹೇಳುವ ವಿಷಯದಲ್ಲಿ ಕಥೋಲಿಕರಿಗೂ ಮಾರ್ಟಿನ್ ಲೂಥರನನ್ನು ಅನುಸರಿಸುವ ಪ್ರೊಟೆಸ್ಟೆಂಟರಾದ ಲೂಥರನ್ನರಿಗೂ ನಾಲ್ಕು ಶತಮಾನಕ್ಕೂ ಹೆಚ್ಚು ಕಾಲ ವಾದ ನಡೆಯಿತು. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಎರಡೂ ಕಡೆಯವರು ಜಂಟಿ ಘೋಷಣೆಗೆ ಸಹಿ ಹಾಕಿದರು: ದೇವರು ನಮ್ಮನ್ನು ಸ್ವೀಕರಿಸುವುದು ಕೃಪೆಯಿಂದಲೇ, ನಮ್ಮ ಅರ್ಹತೆಯಿಂದಲ್ಲ, ಆ ಕೃಪೆಯೇ ನಮ್ಮನ್ನು ಸತ್ಕಾರ್ಯಕ್ಕೆ ಎಬ್ಬಿಸುತ್ತದೆ. 2006ರಲ್ಲಿ ಇನ್ನೊಂದು ಪ್ರೊಟೆಸ್ಟೆಂಟ್ ಪಂಥವಾದ ಮೆಥೊಡಿಸ್ಟರೂ ಸೇರಿಕೊಂಡರು.

ಚಿಕ್ಕಮ್ಮ ಹೇಳಿದ "ಹೊಸ ಹುಟ್ಟು" ಯೋಹಾನ 3ರ ಮಾತು. ನೀರಿನಿಂದಲೂ ಆತ್ಮನಿಂದಲೂ ಹುಟ್ಟುವುದು ಎಂದು ಅಲ್ಲೇ ಇದೆ. ಕಥೋಲಿಕ ಧರ್ಮಸಭೆ ಅದನ್ನು ದೀಕ್ಷಾಸ್ನಾನದಲ್ಲಿ (ಬ್ಯಾಪ್ಟಿಸಮ್) ಕಾಣುತ್ತದೆ, ಅಮ್ಮ ಅದನ್ನು ಪಡೆದಿದ್ದಾರೆ. ಚಿಕ್ಕಮ್ಮನ ಕಾಳಜಿ ನಿಜವಾದದ್ದೇ, ಆದರೆ ರೋಗಿಯ ಹಾಸಿಗೆ ಪರೀಕ್ಷೆ ನಡೆಸುವ ಜಾಗವಲ್ಲ. ಬಂದಾಗ 23ನೇ ಕೀರ್ತನೆ ಓದಿಕೊಡಲು ಕೇಳಿಕೊಳ್ಳಿ.

ಫಾದರ್‌ ಅವರನ್ನು ಇವತ್ತೇ ಕರೆಸಿ. ರೋಗಿಗಳಿಗೆ ತೈಲ ಹಚ್ಚುವ ಸಂಸ್ಕಾರ ಕೊನೆಯುಸಿರಿಗೆ ಕಾದಿಟ್ಟದ್ದಲ್ಲ. ಗಂಭೀರ ಕಾಯಿಲೆ ಶುರುವಾದಾಗಲೇ ಪಡೆಯಬಹುದು, ಸ್ಥಿತಿ ಕೆಟ್ಟರೆ ಮತ್ತೊಮ್ಮೆಯೂ ಪಡೆಯಬಹುದು. ತಡ ಮಾಡಿದ ಮನೆಗಳಲ್ಲಿ ಆಗುವುದೇನೆಂದರೆ, ಫಾದರ್ ಬರುವ ಹೊತ್ತಿಗೆ ರೋಗಿಗೆ ಮಾತು ನಿಂತಿರುತ್ತದೆ, ನುಂಗಲು ಆಗುವುದಿಲ್ಲ. ಪಾಪನಿವೇದನೆಯೂ (ಗುರುಗಳ ಮುಂದೆ ಪಾಪ ಒಪ್ಪಿಕೊಂಡು ಕ್ಷಮೆ ಪಡೆಯುವುದು) ಪರಮಪ್ರಸಾದವೂ (ಕ್ರಿಸ್ತನ ಶರೀರವೆಂದು ಸ್ವೀಕರಿಸುವ ರೊಟ್ಟಿ) ಕೈತಪ್ಪುತ್ತವೆ. ಅಮ್ಮನ ಸಂಕಟಕ್ಕೆ ಬೇಕಾಗಿರುವುದು ಮುಖ್ಯವಾಗಿ ಪಾಪನಿವೇದನೆ. "ದೇವರು ಕ್ಷಮಿಸಿದ್ದಾರೆ" ಎಂದು ಮಗ ನೂರು ಸಲ ಹೇಳುವುದಕ್ಕೂ, ಗುರುಗಳು ಅವರ ತಲೆಯ ಮೇಲೆ ಕೈಯಿಟ್ಟು ಒಮ್ಮೆ ಹೇಳುವುದಕ್ಕೂ ವ್ಯತ್ಯಾಸವಿದೆ.

ಸಿದ್ಧತೆ ಹೆಚ್ಚೇನಿಲ್ಲ. ಹಾಸಿಗೆಯ ಹತ್ತಿರ ಸಣ್ಣ ಮೇಜು, ಬಿಳಿ ಬಟ್ಟೆ, ಶಿಲುಬೆ, ಒಂದು ಲೋಟ ನೀರು, ಚಮಚ, ಸ್ವಲ್ಪ ಹತ್ತಿ. ಮೋಂಬತ್ತಿ ಇಡುವ ವಾಡಿಕೆಯುಂಟು, ಆದರೆ ಕೋಣೆಯಲ್ಲಿ ಆಕ್ಸಿಜನ್ ನಡೆಯುತ್ತಿದ್ದರೆ ಹಚ್ಚಲೇಬೇಡಿ, ಬೆಂಕಿ ಹೊತ್ತಿಕೊಳ್ಳುತ್ತದೆ. ನುಂಗಲು ಎಷ್ಟು ಸಾಧ್ಯ ಎಂಬುದನ್ನು ಫೋನಿನಲ್ಲೇ ತಿಳಿಸಿ. ಪರಮಪ್ರಸಾದದ ಚೂರೊಂದನ್ನು ಒಂದು ಚಮಚ ನೀರಿನೊಂದಿಗೆ ಕೊಟ್ಟರೂ ಅದು ಪೂರ್ಣವೇ. ಪಾಪನಿವೇದನೆಯ ಹೊತ್ತಿಗೆ ಮನೆಯವರೆಲ್ಲ ಹೊರಗಿರಬೇಕು. ನಂತರ ಒಳಗೆ ಬಂದು ಪ್ರಾರ್ಥನೆಗೆ ದನಿಗೂಡಿಸಿ. ತೈಲವನ್ನು ಹಣೆಗೂ ಕೈಗಳಿಗೂ ಹಚ್ಚುತ್ತಾರೆ. ಐಸಿಯುನಲ್ಲಾದರೂ ಐದೇ ನಿಮಿಷ ಸಾಕು, ನರ್ಸ್ ಹತ್ತಿರ ಮೊದಲೇ ಮಾತಾಡಿಕೊಳ್ಳಿ. ಪ್ರಜ್ಞೆ ಇಲ್ಲದಿದ್ದರೂ ಕೊಡುತ್ತಾರೆ. ತೀರಿಕೊಂಡ ಮೇಲೆ ಮಾತ್ರ ಕೊಡುವುದಿಲ್ಲ, ಆಗ ಮೃತರಿಗಾಗಿ ಪ್ರಾರ್ಥನೆ ಮಾಡುತ್ತಾರೆ.

ಕ್ಷಮೆ ಪಡೆದ ಹಳೆಯ ಪಾಪವನ್ನೇ ಅಮ್ಮ ಮತ್ತೆ ಎತ್ತಿದರೆ ಅದರ ವಿವರಕ್ಕೆ ಇಳಿಯಬೇಡಿ. "ಅದು ಮುಗೀತಮ್ಮ" ಎಂದು ಕೈ ಹಿಡಿದುಕೊಳ್ಳಿ. ಓದುವುದಾದರೆ ಯೋಹಾನ 14ರ ಮೊದಲ ಆರು ವಚನ, ರೋಮಾಪುರದವರಿಗೆ 8:31-39, ಐದು ನಿಮಿಷ ಮೀರದಂತೆ. ಪ್ರಕಟನೆ ಗ್ರಂಥದ ನ್ಯಾಯತೀರ್ಪಿನ ಭಾಗಗಳು ಈಗ ಬೇಡ. ಕಣ್ಣು ಮುಚ್ಚಿದವರಿಗೂ ಕಿವಿ ಕೇಳುತ್ತಿರಬಹುದು, ಆದ್ದರಿಂದ ಹಾಸಿಗೆಯ ಬಳಿ ನಿಂತು ಆಸ್ತಿ, ಖರ್ಚಿನ ಮಾತು ಆಡಬೇಡಿ.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕು. ರಾತ್ರಿ ಮಾತ್ರ ಹೆಚ್ಚುವ ಭಯಕ್ಕೆ ದೇಹದ ಕಾರಣವೂ ಇರಬಹುದು: ಉಸಿರಾಟದ ಕಷ್ಟ, ಸೋಂಕು, ಮೂತ್ರ ಕಟ್ಟಿರುವುದು, ಔಷಧಿಯ ಪರಿಣಾಮ. ಗುರುತು ತಪ್ಪುವುದು, ಹೊದಿಕೆ ಎಳೆದಾಡುವುದು, ಇಲ್ಲದವರು ಕಾಣಿಸುವುದು ಕಂಡರೆ ಅದನ್ನು ಅಪನಂಬಿಕೆ ಎಂದುಕೊಳ್ಳದೆ ಡಾಕ್ಟರಿಗೆ ಹೇಳಿ. ನೋವು ಸಹಿಸಿದರೆ ಪುಣ್ಯವೆಂದು ಮಾರ್ಫಿನ್ ನಿಲ್ಲಿಸುವವರಿದ್ದಾರೆ. ಕಥೋಲಿಕ ಧರ್ಮೋಪದೇಶ ಗ್ರಂಥದ 2279ನೇ ಪರಿಚ್ಛೇದ ನೋವು ನಿವಾರಕವನ್ನು ಸ್ಪಷ್ಟವಾಗಿ ಒಪ್ಪುತ್ತದೆ, ಉಪಶಮನ ಆರೈಕೆಯನ್ನು ಪ್ರೋತ್ಸಾಹಿಸುತ್ತದೆ. ಮನೆಯಲ್ಲಿ ನಿಭಾಯಿಸಲು ಆಗದಿದ್ದರೆ ಬೆಂಗಳೂರಿನ ಕರುಣಾಶ್ರಯದಲ್ಲಿ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳಿಗೆ ಉಚಿತ ಆರೈಕೆಯಿದೆ.

ಪ್ರಶ್ನೆ: ನನ್ನ ಯಜಮಾನರು ಹಿಂದೂ. ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದಾರೆ. "ಯಾರಿಗೂ ಗೊತ್ತಾಗದ ಹಾಗೆ ತಲೆಗೆ ನೀರು ಹಾಕಿಬಿಡು, ಆತ್ಮ ಉಳಿಯುತ್ತೆ" ಎನ್ನುತ್ತಾರೆ ನನ್ನ ಅಕ್ಕ. ಹಾಕಲೇ?
– ಓದುಗರು, ಮಂಗಳೂರು

ಉತ್ತರ: ಹಾಕಬೇಡಿ. ವಯಸ್ಕರಿಗೆ ದೀಕ್ಷಾಸ್ನಾನ ಕೊಡಬೇಕಾದರೆ ಅವರೇ ಅದನ್ನು ಬಯಸಿರಬೇಕು. ಸಾವಿನ ಅಪಾಯದಲ್ಲೂ ಧರ್ಮಸಭೆಯ ಕಾನೂನು ಈ ಷರತ್ತನ್ನು ಬಿಟ್ಟಿಲ್ಲ. ಅವರ ಒಪ್ಪಿಗೆಯಿಲ್ಲದೆ ಕದ್ದು ಹಾಕಿದ ನೀರಿನಿಂದ ಏನೂ ಆಗುವುದಿಲ್ಲ, ನಿಮ್ಮ ಮತ್ತು ಅವರ ಮನೆಯವರ ನಡುವಿನ ವಿಶ್ವಾಸ ಮಾತ್ರ ಒಡೆಯುತ್ತದೆ. ಮುಂದೆ ಅವರಿಗೆ ಎಚ್ಚರವಾಗಿ, ತಾವಾಗಿ ಕೇಳಿದರೆ, ಗುರುಗಳು ಬರುವಷ್ಟು ಸಮಯವಿಲ್ಲದಿದ್ದರೆ ಯಾರು ಬೇಕಾದರೂ ಕೊಡಬಹುದು: ತಲೆಯ ಮೇಲೆ ನೀರು ಹರಿಯುವಂತೆ ಸುರಿಯುತ್ತಾ, "ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ ನಿನಗೆ ದೀಕ್ಷಾಸ್ನಾನ ಕೊಡುತ್ತೇನೆ" ಎನ್ನಬೇಕು.

ಅವರು ದೂರವಾಗಿಬಿಡುತ್ತಾರೆಯೇ ಎಂಬುದು ನಿಮ್ಮ ಒಳಗಿನ ಪ್ರಶ್ನೆ ಇರಬಹುದು. ತಮ್ಮದಲ್ಲದ ತಪ್ಪಿನಿಂದ ಸುವಾರ್ತೆಯನ್ನು ಅರಿಯದೆ, ಪ್ರಾಮಾಣಿಕ ಮನಸ್ಸಿನಿಂದ ದೇವರನ್ನು ಅರಸಿ, ಅಂತಃಸಾಕ್ಷಿಯಂತೆ ನಡೆದವರೂ ನಿತ್ಯ ರಕ್ಷಣೆ ಪಡೆಯಬಲ್ಲರು ಎಂದು ಕಥೋಲಿಕ ಬಿಷಪರ ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ ಹೇಳಿತು. ಅನೇಕ ಪ್ರೊಟೆಸ್ಟೆಂಟ್ ಸಭೆಗಳು ಇಷ್ಟು ದೂರ ಹೋಗುವುದಿಲ್ಲ, ಯೇಸುವಿನಲ್ಲಿ ಬಾಯಾರೆ ಒಪ್ಪಿದ ನಂಬಿಕೆ ಬೇಕೆನ್ನುತ್ತವೆ. ನೀವು ಕಥೋಲಿಕರಾಗಿದ್ದರೆ ಭರವಸೆಯಿಂದ ಪ್ರಾರ್ಥಿಸಲು ನಿಮಗೆ ನಿಮ್ಮ ಧರ್ಮಸಭೆಯ ಮಾತೇ ಆಧಾರ.

ಪ್ರಶ್ನೆ: ತಮ್ಮ ಆತ್ಮಹತ್ಯೆ ಮಾಡಿಕೊಂಡ. ಅವನಿಗೆ ನರಕವೇ ಎಂದು ಊರವರು ಮಾತಾಡುತ್ತಾರೆ. ಅವನಿಗಾಗಿ ಚರ್ಚಿನಲ್ಲಿ ಬಲಿಪೂಜೆ (ಮಾಸ್) ಮಾಡಿಸಬಹುದೇ?
– ಓದುಗರು, ಚಿಕ್ಕಮಗಳೂರು

ಉತ್ತರ: ಮಾಡಿಸಬಹುದು, ಮಾಡಿಸಿ. 1917ರ ಧರ್ಮಸಭಾ ಕಾನೂನಿನಲ್ಲಿ ಅಂತ್ಯಕ್ರಿಯೆ ನಿರಾಕರಿಸಬೇಕಾದವರ ಪಟ್ಟಿಯಲ್ಲಿ ಬೇಕೆಂದೇ ಪ್ರಾಣ ಕಳೆದುಕೊಂಡವರೂ ಇದ್ದರು. 1983ರ ಕಾನೂನಿನಲ್ಲಿ ಅವರ ಹೆಸರಿಲ್ಲ. ಊರವರು ಹಳೆಯದನ್ನೇ ಹಿಡಿದುಕೊಂಡಿದ್ದಾರೆ. ತೀವ್ರ ಮಾನಸಿಕ ಕ್ಷೋಭೆ, ಸಂಕಟ, ಭಯ ವ್ಯಕ್ತಿಯ ಹೊಣೆಗಾರಿಕೆಯನ್ನು ಕಡಿಮೆ ಮಾಡುತ್ತವೆ. ದೇವರಿಗೆ ಮಾತ್ರ ಗೊತ್ತಿರುವ ದಾರಿಯಲ್ಲಿ ಅವರಿಗೆ ಪಶ್ಚಾತ್ತಾಪದ ಅವಕಾಶ ಸಿಗಬಲ್ಲದು, ಅವರ ರಕ್ಷಣೆಯ ವಿಷಯದಲ್ಲಿ ನಿರಾಶರಾಗಬಾರದು ಎಂಬುದೇ ಧರ್ಮಸಭೆಯ ಇಂದಿನ ಬೋಧನೆ. ತಮ್ಮನ ಬಗ್ಗೆ ತೀರ್ಪು ಕೊಡುವ ಅಧಿಕಾರ ಯಾರಿಗೂ ಇಲ್ಲ. ಮನೆಯಲ್ಲಿ ಬೇರೆ ಯಾರಾದರೂ ಊಟ, ನಿದ್ದೆ ಬಿಟ್ಟು ಕುಗ್ಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ನಾವು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಎಂಬ ಪ್ರೊಟೆಸ್ಟೆಂಟ್ ಸಭೆಯವರು. ಕಥೋಲಿಕ ಗೆಳತಿ ನವೆಂಬರ್ 2ಕ್ಕೆ ಸಮಾಧಿ ಅಲಂಕರಿಸಿ ಮೃತರಿಗಾಗಿ ಪೂಜೆ ಮಾಡಿಸುತ್ತಾಳೆ. ನಮ್ಮಲ್ಲಿ ಯಾಕಿಲ್ಲ?
– ಓದುಗರು, ಉಡುಪಿ

ಉತ್ತರ: ಕೃಪೆಯಲ್ಲಿ ತೀರಿಕೊಂಡರೂ ಪೂರ್ತಿ ಶುದ್ಧರಾಗದವರು ದೇವರನ್ನು ಕಾಣುವ ಮೊದಲು ಶುದ್ಧೀಕರಣ ಹೊಂದುತ್ತಾರೆ, ನಮ್ಮ ಪ್ರಾರ್ಥನೆ ಅವರಿಗೆ ನೆರವಾಗುತ್ತದೆ ಎಂದು ಕಥೋಲಿಕರು ನಂಬುತ್ತಾರೆ. ಅದಕ್ಕೆ ಎತ್ತಿಹೇಳುವ ಮುಖ್ಯ ಆಧಾರ ಎರಡನೇ ಮಕ್ಕಬಿಯರ ಗ್ರಂಥದ 12ನೇ ಅಧ್ಯಾಯ. ಆ ಗ್ರಂಥ ಪ್ರೊಟೆಸ್ಟೆಂಟ್ ಬೈಬಲಿನಲ್ಲಿಲ್ಲ. ಕ್ರಿಸ್ತನ ಬಲಿಯೊಂದೇ ಸಾಕು, ತೀರಿಕೊಂಡವರು ಆಗಲೇ ಅವನ ಕೈಯಲ್ಲಿದ್ದಾರೆ ಎಂಬುದು ಸುಧಾರಣಾ ಪಂಥಗಳ ನಿಲುವು. ತೀರಿಕೊಂಡವರ ಬದುಕಿಗಾಗಿ ಕೃತಜ್ಞತೆಯ ಪ್ರಾರ್ಥನೆ ಮಾಡಲು, ಸಮಾಧಿಗೆ ಹೂವಿಡಲು ನಿಮ್ಮ ಸಭೆಯಲ್ಲಿಯೂ ಅಡ್ಡಿಯಿಲ್ಲ.

ಪ್ರಶ್ನೆ: ಬೆಂಗಳೂರಿನಲ್ಲಿ ಸಮಾಧಿಗೆ ಜಾಗ ಸಿಗುತ್ತಿಲ್ಲ. ಕಥೋಲಿಕರು ದಹನ ಮಾಡಬಹುದೇ? ಪುನರುತ್ಥಾನಕ್ಕೆ ದೇಹ ಬೇಡವೇ? ಬೂದಿಯನ್ನು ಕಾವೇರಿಗೆ ಬಿಡಬಹುದೇ?

ಉತ್ತರ: ದಹನಕ್ಕೆ 1963ರಿಂದ ಅನುಮತಿಯಿದೆ, ಹೂಳುವುದೇ ಮೇಲೆಂದು ಧರ್ಮಸಭೆ ಇಂದಿಗೂ ಹೇಳುತ್ತದೆ. ಹೂಳಿದ ದೇಹವೂ ಕೊನೆಗೆ ಮಣ್ಣೇ; ಎಬ್ಬಿಸುವ ದೇವರಿಗೆ ಬೂದಿ ಅಡ್ಡಿಯಲ್ಲ. ಆದರೆ ಬೂದಿಯನ್ನು ನೀರಿಗೆ, ಗಾಳಿಗೆ ಬಿಡುವುದಾಗಲಿ ಮಕ್ಕಳ ನಡುವೆ ಹಂಚುವುದಾಗಲಿ ಕೂಡದು ಎಂದು 2016ರ ವ್ಯಾಟಿಕನ್ ಸೂಚನೆ ಹೇಳುತ್ತದೆ. ಸ್ಮಶಾನ ಅಥವಾ ಚರ್ಚಿನಂಥ ಪವಿತ್ರ ಸ್ಥಳದಲ್ಲಿ ಇಡಬೇಕು. ಸಾಧ್ಯವಾದರೆ ದೇಹವನ್ನು ಮೊದಲು ಚರ್ಚಿಗೆ ತಂದು ಬಲಿಪೂಜೆ ಮುಗಿಸಿ, ನಂತರ ವಿದ್ಯುತ್ ಚಿತಾಗಾರಕ್ಕೆ ಒಯ್ಯಿರಿ. ಬೂದಿ ಇಡಲು ಜಾಗವಿದೆಯೇ ಎಂದು ಧರ್ಮಕೇಂದ್ರದ ಕಚೇರಿಯಲ್ಲಿ ದಹನಕ್ಕೆ ಮೊದಲೇ ವಿಚಾರಿಸಿಕೊಳ್ಳಿ.