ಗಂಗೂಬಾಯಿಯವರ ಹಿಂದಿನ ಆ ಇನ್ನೊಂದು ದನಿ

ಪ್ರಶ್ನೆ: ತೀರಿಹೋದ ನಮ್ಮವ್ವನ ಟ್ರಂಕಿನಲ್ಲಿ ಗಂಗೂಬಾಯಿ ಹಾನಗಲ್ಲರ ಹಳೇ ಕ್ಯಾಸೆಟ್ಟೊಂದು ಸಿಕ್ಕಿತು. ಮೇಲಿನ ಕಾಗದ ಹರಿದುಹೋಗಿದೆ. ಗಂಗೂಬಾಯಿಯವರ ಗಡಸು ದನಿಯ ಜೊತೆಗೆ ಆಗಾಗ ತೆಳುವಾದ ಇನ್ನೊಂದು ಹೆಣ್ಣುದನಿ ಕೇಳುತ್ತದೆ. ಅದು ಯಾರದು?
– ಓದುಗರೊಬ್ಬರು, ಗದಗ

ಉತ್ತರ: ಅದು ಅವರ ಮಗಳು ಕೃಷ್ಣಾ ಹಾನಗಲ್ಲರ ದನಿಯೇ ಇರಬೇಕು. ನಿಮ್ಮ ಪ್ರಶ್ನೆ ಓದಿ ನನಗೆ ಬಹಳ ಸಂತೋಷವಾಯಿತು. ಆ ದನಿ ಯಾರದೆಂದು ಕೇಳುವವರೇ ಕಡಿಮೆ.

ಹುಬ್ಬಳ್ಳಿಯಲ್ಲಿ ನಾನು ಹುಡುಗನಾಗಿದ್ದಾಗ ಅಪ್ಪನ ಜೊತೆ ಒಂದು ಬೈಠಕ್ಕಿಗೆ ಹೋಗಿದ್ದೆ. ಜಾಗ ಸಿಕ್ಕಿದ್ದು ವೇದಿಕೆಯ ಪಕ್ಕದಲ್ಲಿ. ಹಾಗಾಗಿ ಗಂಗೂಬಾಯಿಯವರಿಗಿಂತ ಹಿಂದೆ ತಂಬೂರಿ ಹಿಡಿದು ಕೂತ ಕೃಷ್ಣಾಬಾಯಿಯವರೇ ನನಗೆ ಚೆನ್ನಾಗಿ ಕಾಣುತ್ತಿದ್ದರು. ಶುದ್ಧ ಕಲ್ಯಾಣ ರಾಗ ನಡೆದಿತ್ತು. ಕಿರಾಣಾ ಘರಾಣೆ ಎಂಬ ಹಿಂದೂಸ್ತಾನಿ ಗಾಯನ ಪರಂಪರೆಯ ರೀತಿಯಲ್ಲಿ ಒಂದೊಂದೇ ಸ್ವರವನ್ನು ಹಿಡಿದು ಕೂಡುತ್ತ, ತಾಯಿ ಮೇಲಿನ ಷಡ್ಜದ, ಅಂದರೆ ಮೇಲಿನ ‘ಸ’ ಸ್ವರದ ಹತ್ತಿರ ಬಂದರು. ಕತ್ತು ಒಂದಿಷ್ಟೇ ಇತ್ತ ವಾಲಿತು. ಮಗಳು ಕಣ್ಣು ಮುಚ್ಚಿಕೊಂಡೇ ಷಡ್ಜ ಹಚ್ಚಿದರು. ತಾಯಿ ಅದರೊಳಗೆ ಬಂದು ಸೇರಿದರು. ತಂಬೂರಿಯ ಮೇಲಿನ ಬೆರಳು ಮಾತ್ರ ಒಮ್ಮೆಯೂ ತಪ್ಪಲಿಲ್ಲ.

ಗಂಗೂಬಾಯಿಯವರ ದನಿ ಹಾಗೆ ದಪ್ಪಗಾದದ್ದು ಟಾನ್ಸಿಲ್ ಶಸ್ತ್ರಚಿಕಿತ್ಸೆಯ ನಂತರ. ಬೇರೆಯವರಾಗಿದ್ದರೆ ಹಾಡುವುದನ್ನೇ ಬಿಡುತ್ತಿದ್ದರೇನೋ. ಅವರು ಆ ದನಿಯಲ್ಲೇ ತಮ್ಮ ಗಾಯನ ಕಟ್ಟಿದರು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರ ಬಳಿ ಕಲಿತದ್ದು ನಿಮ್ಮ ಕಡೆಯವರಿಗೆಲ್ಲ ಗೊತ್ತಿರುವ ಸಂಗತಿಯೇ. ಅವರ ತಾಯಿ ಅಂಬಾಬಾಯಿಯವರ ವಿಷಯ ಅಷ್ಟಾಗಿ ಯಾರೂ ಹೇಳುವುದಿಲ್ಲ. ಅವರದು ಕರ್ನಾಟಕ ಸಂಗೀತ. ಮಗಳು ಹಿಂದೂಸ್ತಾನಿ ಕಲಿಯತೊಡಗಿದಾಗ, ತನ್ನ ಹಾಡಿಕೆಯ ಛಾಯೆ ಅವಳ ಮೇಲೆ ಬೀಳಬಾರದೆಂದು ಅಂಬಾಬಾಯಿ ತಾವು ಹಾಡುವುದನ್ನೇ ನಿಲ್ಲಿಸಿದರು. ಮಗಳಿಗಾಗಿ ತಾಯಿ ಸುಮ್ಮನಾದ ಮನೆಯಲ್ಲಿ, ಮುಂದೆ ಮೊಮ್ಮಗಳು ತಾಯಿಗಾಗಿ ಹಾಡಿದಳು. ಇದನ್ನು ನೆನೆದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಕೃಷ್ಣಾ ಸ್ವತಃ ಒಳ್ಳೆಯ ಗಾಯಕಿ. ಆದರೂ ಆಯುಷ್ಯದ ಬಹುಭಾಗ ತಾಯಿಯ ಬೆನ್ನ ಹಿಂದೆಯೇ ಕೂತರು. 2004ರಲ್ಲಿ ಮಗಳು ಮೊದಲು ಹೋದರು. ಗಂಗೂಬಾಯಿ 2009ರ ಜುಲೈ 21ರಂದು, 96ನೇ ವಯಸ್ಸಿನಲ್ಲಿ ತೀರಿಕೊಂಡರು. ನಡುವಿನ ಆ ಐದು ವರ್ಷ ಅವರ ಕಿವಿಗೆ ತಂಬೂರಿ ಹೇಗೆ ಕೇಳಿಸಿತ್ತೋ!

ಇನ್ನು ನಿಮ್ಮ ಕ್ಯಾಸೆಟ್. ಹಳೇ ಟೇಪು ತುಂಡಾಗುತ್ತದೆ. ಮತ್ತೆ ಮತ್ತೆ ಹಚ್ಚಬೇಡಿ. ತಿಳಿದವರ ಕೈಯಲ್ಲಿ ಮೊದಲು ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಹೊಸ ಕಾಗದ ಹಚ್ಚುವಾಗ ಮೊದಲ ಸಾಲಿನಲ್ಲಿ ಗಂಗೂಬಾಯಿಯವರ ಹೆಸರು, ಅದರ ಕೆಳಗೆ ಅಷ್ಟೇ ದೊಡ್ಡ ಅಕ್ಷರದಲ್ಲಿ ಕೃಷ್ಣಾ ಹಾನಗಲ್ ಎಂದು ಬರೆಯಿರಿ. ನಿಮ್ಮವ್ವನ ಹೆಸರೂ ಒಂದು ಮೂಲೆಯಲ್ಲಿರಲಿ. ಇಷ್ಟು ವರ್ಷ ಅದನ್ನು ಜೋಪಾನ ಮಾಡಿದವರು ಅವರು.